ಡೇರೆಯಿಂದ ಡೇರೆಗೆ ಬೆಳಕು ಕಟ್ಟುವ ಸುಯುಂಕಾನ್

ಸೋಲಾರ್ ಫಲಕಕ್ಕೆ ಮೂರೂವರೆ ಸಾವಿರ ಸೋಮ್, ಬ್ಯಾಟರಿಗೆ ಐದು ಸಾವಿರ, ಚಾರ್ಜ್ ಆಗುವುದನ್ನು ಹತೋಟಿಯಲ್ಲಿಡುವ ಡಬ್ಬಿಗೆ ಆರುನೂರು, ಎರಡು ಬಲ್ಬು, ವೈರು ಸೇರಿ ಒಂಬೈನೂರು. ಒಟ್ಟು ಹತ್ತು ಸಾವಿರ. ನರಿನ್ ಊರಿನ ಮೇಲಿನ ಹುಲ್ಲುಗಾವಲಿನಲ್ಲಿ ಇದನ್ನು ಒಂದು ಕೊಬ್ಬಿದ ಕುರಿಯ ಬೆಲೆ ಅನ್ನುತ್ತಾರೆ. ಅಜ್ಜಿ ತುರ್ದುಬೂಬು ಮಗನ ಮಾತು ಮೀರಿ ಅಂಥದೊಂದು ಕುರಿ ಮಾರಿ ಇದನ್ನು ಕಟ್ಟಿಸಿದ್ದಾಳೆ. ತಿಂಗಳೊಳಗೇ ಬ್ಯಾಟರಿ ಸೊರಗಿದೆ.

ಬೆಳಗಿನ ಐದು ಗಂಟೆ. ಅಜ್ಜಿಯ ಉಣ್ಣೆ ಡೇರೆಯ ಹೊರಗೆ, ಇದನ್ನು ಕಟ್ಟಿಕೊಟ್ಟ ಸುಯುಂಕಾನ್ ಕರೆಂಟು ಅಳೆಯುವ ಮೀಟರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಏಳುತ್ತಾಳೆ, ವೈರು ಎಳೆದು ನೋಡುತ್ತಾಳೆ, ಮತ್ತೆ ಕೂರುತ್ತಾಳೆ. ಎಲ್ಲೂ ದೋಷವಿಲ್ಲ. ಒಳಗೆ ಸೊಸೆ ಅಸಿಪಾ ಕೆನೆ ತೆಗೆಯುವ ಯಂತ್ರವನ್ನು ಕೈಯಿಂದಲೇ ತಿರುಗಿಸುತ್ತಿದ್ದಾಳೆ. ಅದಕ್ಕೆ ಮೋಟಾರಿದೆ, ಕರೆಂಟಿಲ್ಲ. ಅವಳ ಬಲಭುಜ ಊದಿಕೊಂಡಿದೆ.

"ಅಕ್ಕಾ, ಸಂಜೆ ಹಾಲು ಕರೆಯೋ ಹೊತ್ತಿಗೆ ಮೋಟಾರು ತಿರುಗದಿದ್ರೆ ಎಲ್ಲಾ ಬಿಚ್ಕೊಂಡು ಹೋಗು," ಅಜ್ಜಿಯ ಮಗ ಎರ್ಗೆಶ್ ಕುದುರೆ ಏರುತ್ತಾ ಹೇಳುತ್ತಾನೆ. "ನಿನ್ ಡಬ್ಬಿಗಿಂತ ನಮ್ ಕುರಿನೇ ವಾಸಿ. ಬ್ಯಾ ಅಂತಾದ್ರೂ ಅಂತಿತ್ತು."

"ನಿನ್ ಬಾಯಿಗೆ ವೈರು ಸಿಗಿಸಿದ್ರೆ ಬ್ಯಾಟರಿನೇ ಬೇಡ, ತಮ್ಮಾ," ಅನ್ನುತ್ತಾಳೆ ಸುಯುಂಕಾನ್. ನಗುತ್ತಾಳೆ, ಕಣ್ಣು ಮಾತ್ರ ಮೀಟರ್ ಮೇಲೇ. ಇಲ್ಲಿ ಬಿಚ್ಚಿದರೆ ಸುದ್ದಿ ಕಣಿವೆಯಲ್ಲೆಲ್ಲ ಹಬ್ಬುತ್ತದೆ.

ಐವತ್ತೆರಡರ ಈಕೆ ಮೊದಲು ದರ್ಜಿ. ಹೊಲಿಗೆ ಯಂತ್ರದ ಮೋಟಾರು ಸುಟ್ಟಾಗ ತಾನೇ ಬಿಚ್ಚಿ ಕಲಿತವಳು. ಏಳು ಬೇಸಿಗೆಯಲ್ಲಿ ಮೂವತ್ತೊಂದು ಡೇರೆಗೆ ಬೆಳಕು ಕಟ್ಟಿದ್ದಾಳೆ. ದಿನಕ್ಕೆ ಆರು ಗಂಟೆ ಕುದುರೆ ಸವಾರಿ. "ಗಂಡಸ್ರು ಎಷ್ಟು ಬಲ್ಬು ಬೇಕು ಅಂತ ಹೇಳ್ತಾರೆ. ಎಷ್ಟು ಹೊತ್ತು ಉರೀಬೇಕು ಅನ್ನೋದು ಹೆಂಗಸ್ರಿಗೇ ಗೊತ್ತು. ನಾನು ಅವರನ್ನೇ ಕೇಳೋದು."

ಬಿಸಿಲು ಬೀಳುತ್ತಿದ್ದಂತೆ ಅಜ್ಜಿ ಹೊರಬರುತ್ತಾಳೆ, ಕಸೂತಿ ಹಾಕಿದ ದಪ್ಪ ಬಟ್ಟೆಯನ್ನು ಫಲಕದ ಮೇಲೆ ಹೊದಿಸಿ ಅಂಚು ಸರಿಮಾಡುತ್ತಾಳೆ.

"ಇದೇನಜ್ಜಿ?"

"ದಾರಿಲಿ ಹೋಗೋರೆಲ್ಲ ಇದನ್ನೇ ನೋಡ್ತಾರೆ ಕಣೇ. ದೃಷ್ಟಿ ತಾಗಲ್ವಾ? ಕತ್ತಲಾದ್ಮೇಲೆ ತೆಗೀತೀನಿ, ಗಾಳಿಯಾಡ್ಲಿ ಅಂತ."

ಸುಯುಂಕಾನ್ ಡೇರೆಯೊಳಗೆ ಹೋಗಿ ಪಿಸುಗುಡುತ್ತಾಳೆ: "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಕ್ಕಾ," ಅಸಿಪಾ ಹಿಡಿಕೆ ಬಿಡುವುದಿಲ್ಲ. "ಅತ್ತೆ ಮಾಡಿದ್ದನ್ನ ಸೊಸೆ ತಪ್ಪು ಅನ್ನೋದುಂಟಾ?"

ಅಜ್ಜಿಯನ್ನು ಸೊಸೆಯೆದುರು ಸಣ್ಣವಳನ್ನಾಗಿ ಮಾಡಲು ಸುಯುಂಕಾನಳಿಗೂ ಮನಸ್ಸಿಲ್ಲ. ಹೊರಬಂದು ದಾರಿಯತ್ತ ನೋಡುತ್ತಾಳೆ. "ಅಜ್ಜಿ, ದಾರಿ ಇರೋದು ಇದರ ಬೆನ್ನ ಕಡೆ. ದೃಷ್ಟಿ ಬೀಳೋದು ಬೆನ್ನಿಗೆ. ಬಟ್ಟೆ ಹಿಂದೆ ಕಟ್ಟೋಣ, ಮುಖಕ್ಕೆ ಬಿಸಿಲು ಬೇಕು."

ಅಜ್ಜಿ ಫಲಕ ನೋಡುತ್ತಾಳೆ, ದಾರಿ ನೋಡುತ್ತಾಳೆ. "ಹೌದಲ್ವೇ! ನಂಗ್ಯಾಕೆ ಹೊಳೀಲಿಲ್ಲ?"

ಬೆನ್ನಿಗೆ ಗಾಳಿಯಾಡದಿದ್ದರೆ ಫಲಕ ಕಾದು ಕರೆಂಟು ಒಂದಿಷ್ಟು ಕಡಿಮೆಯಾಗುತ್ತದೆ. ಸುಯುಂಕಾನ್ ಅದನ್ನು ಹೇಳಲು ಹೋಗುವುದಿಲ್ಲ.

ಹತ್ತಕ್ಕೆ ಮೋಡ. ಹೊಳೆಯಾಚೆ ಎರಡು ಮನೆಯವರು ಬೆಳಕು ಕಟ್ಟಿಸಿಕೊಳ್ಳಲು ಇವಳಿಗಾಗಿ ಕಾದಿದ್ದಾರೆ. ಮೊದಲ ಹಿಮಕ್ಕೆ ಮುಂಚೆ ಕೆಳಗಿಳಿಯುವ ಅವಸರ ಅವರಿಗೆ. ಹೋಗಲೇ, ಇರಲೇ? ಕುದುರೆಗೆ ಜೀನು ಬಿಗಿಯುತ್ತಾಳೆ, ಸಡಿಲಿಸುತ್ತಾಳೆ. ಹುಳಿಬಂದ ಕುದುರೆ ಹಾಲಿನ ಕುಮಿಸ್ ಬಟ್ಟಲನ್ನು ನಿಂತೇ ಖಾಲಿ ಮಾಡುತ್ತಾಳೆ. "ಕೂತ್ಕೋ, ನೀನು ಓಡಾಡಿದ್ರೆ ಮೋಡ ಓಡುತ್ತಾ?" ಅಜ್ಜಿ ಗದರುತ್ತಾಳೆ. ಒಂದು ಗಂಟೆಗೆ ಬಿಸಿಲು ಮರಳುತ್ತದೆ.

ಸಂಜೆ, ಬೆಳಕಿರುವಾಗಲೇ, ಎರ್ಗೆಶ್ ತಾನೇ ಗುಂಡಿ ಒತ್ತುತ್ತಾನೆ. ಮೋಟಾರು ಗುಂಯ್ ಅನ್ನುತ್ತದೆ. ಹನ್ನೆರಡು ನಿಮಿಷದಲ್ಲಿ ಎರಡು ಬಕೆಟ್ ಹಾಲಿನ ಕೆನೆ ಇಳಿಯುತ್ತದೆ. ಅಸಿಪಾ ಕೈಕಟ್ಟಿ ನಿಂತಿದ್ದಾಳೆ, ಆ ಕೈಗಳಿಗೆ ಕೆಲಸವೇ ಇಲ್ಲದೆ.

ಹೊಳೆಯಾಚೆ ಹೊಗೆ ಕಾಣುತ್ತಿಲ್ಲ. ಆ ಎರಡು ಮನೆಯವರು ಮಧ್ಯಾಹ್ನವೇ ಡೇರೆ ಬಿಚ್ಚಿಕೊಂಡು ಇಳಿದುಹೋಗಿದ್ದಾರೆ. ಈ ವರ್ಷದ ಎರಡು ಕೆಲಸ ಸುಯುಂಕಾನಳ ಕೈತಪ್ಪಿದವು. ಈ ಮನೆಯ ಮೋಟಾರು ಉಳಿಯಿತು.