ಚಿಲ್ಲರೆ ಭಾವನ ನಾಣ್ಯಗಳು

ನಮ್ಮ ಭಾವನಿಗೆ ಬಸ್ಸಿನ ಜನ ಇಟ್ಟಿದ್ದ ಹೆಸರು ಚಿಲ್ಲರೆ. ಬುದ್ಧಿ ಚಿಲ್ಲರೆ ಅಂತ ಯಾರಾದರೂ ಅಂದುಕೊಂಡರೆ ಅವರ ಬಾಯಿಗೆ ನಾನೇ ಹೊಲಿಗೆ ಹಾಕುತ್ತೇನೆ, ನನ್ನ ಕಸುಬೇ ಅದು. ಭಾವ ಕಂಡಕ್ಟರಾಗಿದ್ದಷ್ಟು ವರ್ಷವೂ ಒಬ್ಬರ ಚಿಲ್ಲರೆ ಉಳಿಸಿಕೊಂಡವರಲ್ಲ. ಯಾರಾದರೂ ಮರೆತು ಇಳಿದುಹೋದರೆ ಬಸ್ಸು ನಿಲ್ಲಿಸಿ, ಹಿಂದೆ ಓಡಿ ಕೊಟ್ಟು ಬರುತ್ತಿದ್ದರು. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಬೈದುಕೊಳ್ಳುತ್ತಿದ್ದ. ಟಿಕೆಟ್ ತೆಗೆಯದೆ "ಆಗಲೇ ತಗೊಂಡೆ" ಅನ್ನುವವರಿಗೆ ಭಾವನದು ಒಂದೇ ಮಾತು: "ಸುಳ್ಳು ಹೇಳಬೇಡಪ್ಪ, ನಾಲಿಗೆ ಬಿದ್ದುಹೋಗುತ್ತೆ."

ಕುಡಿತವಿಲ್ಲ, ಬೀಡಿಯಿಲ್ಲ, ಇದ್ದದ್ದು ಹಳೆಯ ನಾಣ್ಯದ ಹುಚ್ಚು. ಚೀಲಕ್ಕೆ ಅಪರೂಪದ್ದೇನಾದರೂ ಬಂದರೆ ಅಷ್ಟೇ ಬೆಲೆಯದನ್ನು ತಮ್ಮ ಜೇಬಿನಿಂದ ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ರಜೆ ಬಂದರೆ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದರು. ಚಹಾ ಬಿಟ್ಟು ಉಳಿಸಿದ ದುಡ್ಡಿನಲ್ಲಿ ಮಸಿ ಹಿಡಿದ ಬೆಳ್ಳಿಯ ಬಿಲ್ಲೆಯೊಂದನ್ನು ತಂದು, ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಗೆ ಸೇರಿಸುತ್ತಿದ್ದರು. ಅಕ್ಕ ಹತ್ತಿರ ಹೋದರೆ ಡಬ್ಬಿ ಮುಚ್ಚಿಬಿಡುವರು.

"ಮುಟ್ಟಬೇಡ ಕಣೇ."

"ಯಾಕ್ರೀ, ನನ್ನ ಕೈ ತಾಗಿದ್ರೆ ಸವೆದುಹೋಗುತ್ತಾ?"

ಭಾವ ನಗುತ್ತಿದ್ದರೇ ಹೊರತು ಯಾಕೆ ಅಂತ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಅಕ್ಕನ ಕೈ ಎಂಥದ್ದು ಅಂತಲೂ ಹೇಳಬೇಕು. ಅವಳು ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ತಳ ಹಿಡಿದು ಕರಿಕಲಾದ ಪಾತ್ರೆಯೂ ಅವಳ ಕೈಗೆ ಸಿಕ್ಕಿದರೆ ಕನ್ನಡಿ. ಕೊಳಕಾದ ವಸ್ತುವನ್ನು ನಾಲ್ಕು ಜನರ ಮುಂದೆ ಇಟ್ಟರೆ ಮನೆಯ ಮಾನ ಹೋಯಿತು ಅನ್ನುವ ಜಾತಿಯವಳು. ರಿಪೇರಿಗೆ ಕೊಡುವ ಕೊಡೆಯನ್ನೂ ಒಗೆದು ಕೊಡುತ್ತಾಳೆ ಅಂದರೆ ನೋಡಿ.

ಭಾವನಿಗೆ ಲಕ್ವ ಹೊಡೆದದ್ದು ಬಚ್ಚಲಲ್ಲಿ. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಜನ್ಮದಲ್ಲಿ ಸುಳ್ಳಾಡದ ನಾಲಿಗೆಯೇ ಬಿದ್ದುಹೋಯಿತು! ದೇವರೆಂಬುವನಿಗೆ ಕಣ್ಣಿಲ್ಲ, ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬಾಯಲ್ಲಿ ಉಳಿದದ್ದು ಒಂದೇ ಅಕ್ಷರ, "ಬೇ". ನೀರು ಬೇಕಾದರೂ "ಬೇ", ಬೇಡವಾದರೂ "ಬೇ". ಉಳಿದರ್ಧವನ್ನು ಅಕ್ಕನೇ ತುಂಬಿಕೊಳ್ಳುತ್ತಿದ್ದಳು.

ಡಾಕ್ಟರು ಹೇಳಿದರು, "ಮಾತು ಕಲಿಸುವವರು ಇದ್ದಾರೆ. ಬೇಗ ಶುರು ಮಾಡಿದರೆ ಒಂದಷ್ಟು ವಾಪಸ್ ಬರಬಹುದು. ತಡ ಮಾಡಿದರೆ ಕಷ್ಟ." ಅದಕ್ಕೆ ಆಗುವ ಖರ್ಚನ್ನೂ ಹೇಳಿದರು. ನನ್ನ ಹೊಲಿಗೆ ಮೆಷಿನ್ ಮಾರಿದರೂ ಅದರ ಕಾಲುಭಾಗ ಆಗುತ್ತಿರಲಿಲ್ಲ. ಮನೆಗೆ ಬಂದು ನಾವಿಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಭಾವ ಎಡಗೈ ಎತ್ತಿ ಕಪಾಟಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ತೋರಿಸಿದರು. ಜೀವವನ್ನೇ ಮಾರಿ ಅಂದ ಹಾಗಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಣ್ಯದ ವ್ಯಾಪಾರಿಯ ಹತ್ತಿರ ಹೋಗಬೇಕಾದ ದಿನ ನಾನು ಅಕ್ಕನ ಮನೆಗೆ ಬಂದಾಗ ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಮುಂದೆ ಬೋಗುಣಿ, ನಿಂಬೆಹಣ್ಣಿನ ಹೋಳು, ಸೋಪಿನ ಪುಡಿ, ಪಾತ್ರೆ ಉಜ್ಜುವ ತಂತಿ. ಟವೆಲ್ಲಿನ ಮೇಲೆ ಸಾಲಾಗಿ ನಾಣ್ಯಗಳು ಫಳಫಳ ಹೊಳೆಯುತ್ತಿದ್ದವು. ಕೊನೆಯ ಹಿಡಿ ಬೋಗುಣಿಯಲ್ಲಿತ್ತು.

"ಹೆಂಗಿದೆ ಹೇಳೇ! ಮಸಿ ಮೆತ್ತಿದ್ದನ್ನ ತಗೊಂಡುಹೋಗಿ ಕೊಟ್ರೆ ಯಾರು ನ್ಯಾಯವಾದ ಬೆಲೆ ಕೊಡ್ತಾರೆ?"

ಮಂಚದ ಮೇಲೆ ಭಾವ "ಬೇ… ಬೇ… ಬೇ…" ಅಂತ ಒಂದೇ ಸಮನೆ ಕೂಗುತ್ತಿದ್ದರು. ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದರು. ತಲೆ ಅಲ್ಲಾಡುತ್ತಿತ್ತು, ಲಕ್ವ ಹೊಡೆದಾಗಿನಿಂದ ಅದು ಹಾಗೇ ಅಲ್ಲಾಡುತ್ತಲೇ ಇತ್ತು.

"ಅವರಿಗೇನೋ ಸಂಕಟ ಆಗ್ತಿದೆ ಕಣೇ ಅಕ್ಕ," ಅಂದೆ.

"ಸಂಕಟ ಅಲ್ಲ, ಸಂತೋಷ! ಉಜ್ಜಲಾ ಅಂತ ಕೇಳ್ದೆ, ಆಗಿನಿಂದ ಬೇಕು ಬೇಕು ಅಂತಿದ್ದಾರೆ. ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಗೊತ್ತಾಗಲ್ವಾ?" ಅಂದು ಭಾವನ ಕಡೆ ತಿರುಗಿ, "ಇರ್ರೀ, ಆಯ್ತು, ಇಷ್ಟೇ ಉಳಿದಿರೋದು," ಅಂತ ಇನ್ನೂ ಜೋರಾಗಿ ಉಜ್ಜಿದಳು.

ಭಾವನ ಕಣ್ಣಲ್ಲಿ ನೀರು ಸುರಿಯಿತು. ಅದನ್ನೂ ಅಕ್ಕ ಒದ್ದೆ ಕೈಯಲ್ಲೇ ಒರೆಸಿದಳು.

ವ್ಯಾಪಾರಿ ವಯಸ್ಸಾದ ಮನುಷ್ಯ. ಕಿರಿದಾದ ಅಂಗಡಿ, ಮೇಜಿನ ಮೇಲೆ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ. ನಾಣ್ಯಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಎಲ್ಲವನ್ನೂ ಗುಡ್ಡೆ ಮಾಡಿ ತಕ್ಕಡಿಗೆ ಹಾಕಿದರು. ನನ್ನ ಪಿತ್ತ ನೆತ್ತಿಗೇರಿತು.

"ಏನ್ರೀ, ಹಳೇ ಪಾತ್ರೆ ಅಂತ ತಿಳ್ಕೊಂಡ್ರಾ? ಹೆಣ್ಣುಮಕ್ಕಳು ಬಂದಿದ್ದಾರೆ, ಟೋಪಿ ಹಾಕೋಣ ಅಂತಲಾ?"

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಇದನ್ನ ಉಜ್ಜಿದ್ದು ಯಾರಮ್ಮ?"

"ನಾನೇ," ಅಂದಳು ಅಕ್ಕ, ಶಾಲೆಯಲ್ಲಿ ಬಹುಮಾನ ಇಸಿದುಕೊಳ್ಳುವ ಹುಡುಗಿಯ ಹಾಗೆ.

ಅವರು ಮಸೂರವನ್ನು ನನ್ನ ಕೈಗೆ ಕೊಟ್ಟರು. ನಾಣ್ಯದ ಮೈತುಂಬ ತಂತಿಯ ಗೀರು. ಅಕ್ಷರದ ಅಂಚುಗಳು ಬೋಳು. "ಆ ಮಸಿ ಕೊಳೆ ಅಲ್ಲಮ್ಮ. ಎಷ್ಟೋ ಕಾಲದಿಂದ ತಾನಾಗಿ ಕೂತ ಬಣ್ಣ. ಸಂಗ್ರಹ ಮಾಡೋರು ದುಡ್ಡು ಕೊಡೋದೇ ಅದಕ್ಕೆ. ಉಜ್ಜಿದ ಮೇಲೆ ಇದು ಬರೀ ಲೋಹ, ತೂಕಕ್ಕೆ ಕೊಡಬೇಕು ಅಷ್ಟೆ. ಆರಿಸಿದವರು ಮಾತ್ರ ಚೆನ್ನಾಗಿ ಗೊತ್ತಿದ್ದು ಆರಿಸಿದ್ದಾರೆ. ಅವರು ನಿಮಗೆ ಬೇಡ ಅನ್ನಲಿಲ್ವಾ?"

ಅಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ನಾನು ಹಟಮಾರಿ, ಬಿಡಲಿಲ್ಲ. ಡಬ್ಬಿ ಎತ್ತಿಕೊಂಡು ಅದೇ ಬೀದಿಯ ಬೇರೆ ಅಂಗಡಿಗಳನ್ನೂ ಹತ್ತಿ ಇಳಿದೆ. ಒಬ್ಬ ಇನ್ನೂ ಕಡಿಮೆ ಹೇಳಿದ, ಇನ್ನೊಬ್ಬ ಮುಖಕ್ಕೇ ನಕ್ಕ. ಕೊನೆಗೆ ಮೊದಲಿನವರ ಹತ್ತಿರವೇ ಬಂದು ತೂಕಕ್ಕೆ ಕೊಟ್ಟೆವು. ಬಂದ ದುಡ್ಡು ಭಾವನ ಮಾತ್ರೆ, ಕೈಕಾಲಿಗೆ ತಿಕ್ಕುವ ಎಣ್ಣೆಗಷ್ಟೇ ಸಾಕಾಗುವಂತಿತ್ತು. ಬಸ್ಸಿನಲ್ಲಿ ಅಕ್ಕ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದಳು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮಂಚದ ಹತ್ತಿರ ಹೋಗಿ ಭಾವನ ಎಡಗೈ ಹಿಡಿದುಕೊಂಡಳು.

"ರೀ, ನಿಜ ಹೇಳಿ. ಬೆಳಿಗ್ಗೆ ನೀವು ಬೇಕು ಅಂದಿದ್ರೆ ನನ್ನ ಕೈ ಒಂದು ಸಲ ಒತ್ತಿ. ಬೇಡ ಅಂದಿದ್ರೆ ಎರಡು ಸಲ."

ಇಷ್ಟು ಸುಲಭದ ಉಪಾಯ ನಮಗೆ ಬೆಳಿಗ್ಗೆಯೇ ಹೊಳೆಯಬಾರದಿತ್ತೇ! ಕೆಟ್ಟ ಮೇಲೆ ಬುದ್ಧಿ ಬಂತು.

ಭಾವ ಅವಳನ್ನು ತುಂಬ ಹೊತ್ತು ನೋಡಿದರು. ನಿಂಬೆಹುಳಿ ತಾಗಿ ಸುಲಿದಿದ್ದ ಅವಳ ಬೆರಳುಗಳನ್ನು ನೋಡಿದರು. ಆಮೇಲೆ ಕೈ ಒತ್ತಿದರು, ಒಂದು ಸಲ. ಅಕ್ಕ ಇನ್ನೊಂದಕ್ಕೆ ಕಾದಳು. ಬರಲಿಲ್ಲ.

"ನೋಡಿದ್ಯಾ?" ಅಂತ ನನ್ನ ಕಡೆ ತಿರುಗಿ ಗೊಳೋ ಎಂದು ಅತ್ತಳು. "ಅವರಿಗೂ ಗೊತ್ತಿರಲಿಲ್ಲ ಕಣೇ. ಅವರೇ ಬೇಕು ಅಂದಿದ್ದು."

ಅವಳು ಮುಖ ತೊಳೆಯಲು ಹೋದಾಗ ನಾನು ಭಾವನ ದಿಂಬು ಸರಿಮಾಡಲು ಎತ್ತಿದೆ. ಅಡಿಯಲ್ಲಿ ಒಂದು ನಾಣ್ಯವಿತ್ತು. ಕಪ್ಪಗೆ, ಮಸಿ ಹಿಡಿದು, ಅಕ್ಕನ ಕೈ ತಾಗದೆ ಹಾಗೇ ಇತ್ತು. ಬೆಳಿಗ್ಗೆ ಅಕ್ಕ ಡಬ್ಬಿ ಬಿಚ್ಚಿದಾಗ ಅವರ ಎಡಗೈಗೆ ಎಟುಕಿದ್ದು ಅದೊಂದೇ ಇರಬೇಕು. ಅದೊಂದನ್ನು ಉಳಿಸಿಕೊಂಡಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಭಾವ ಬಚ್ಚಲ ಕಡೆ ಕಣ್ಣು ಹೊರಳಿಸಿ, ನನ್ನ ಮಣಿಕಟ್ಟು ಹಿಡಿದು "ಬೇ…" ಅಂದರು.

ಉಳಿದರ್ಧವನ್ನು ನನಗೆ ಯಾರೂ ತುಂಬಿಕೊಡಬೇಕಾಗಿರಲಿಲ್ಲ.

ಆ ನಾಣ್ಯವನ್ನು ನಾನೊಬ್ಬಳೇ ಒಯ್ದು ಅದೇ ವ್ಯಾಪಾರಿಗೆ ಕೊಟ್ಟೆ. ಡಬ್ಬಿಯಿಡೀ ತಂದ ದುಡ್ಡಿಗಿಂತ ಅದೊಂದೇ ಹೆಚ್ಚು ತಂದಿತು. ಅಕ್ಕನಿಗೆ ಮದುವೆ ಮನೆಯ ಹೊಲಿಗೆ ದುಡ್ಡು ಅಂದೆ. ಮಾತು ಕಲಿಸುವವರು ಆ ದುಡ್ಡಿಗೆ ಒಂದು ತಿಂಗಳು ಬಂದರು. ಇನ್ನೂ ಕೆಲವು ತಿಂಗಳು ಬೇಕಿತ್ತು ಅಂದರು. "ಬೇ" ಬಿಟ್ಟು ಬೇರೆ ಅಕ್ಷರ ಬರಲೇ ಇಲ್ಲ, ಭಾವ ಅದನ್ನಷ್ಟೇ ಇಟ್ಟುಕೊಂಡು ಹೋಗಿಬಿಟ್ಟರು.

ಅಕ್ಕ ಈಗಲೂ ಪಾತ್ರೆ ಉಜ್ಜುತ್ತ ಉಜ್ಜುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳುತ್ತಾಳೆ, "ಅವತ್ತು ಅವರು ಬೇಕು ಅಂತಲೇ ಅಂದ್ರಲ್ವೇನೇ?"

ನನ್ನ ನಾಲಿಗೆ ಬಿದ್ದುಹೋದರೂ ಹೋಗಲಿ. "ಹೌದಕ್ಕ," ಅನ್ನುತ್ತೇನೆ, "ಬೇಕು ಅಂತಲೇ ಅಂದ್ರು."