ಅಕ್ಕನ ಎಡಗಣ್ಣಿನ ಸ್ಲೈಡು

ಶ್ರೀರಂಗಪಟ್ಟಣದ ಹತ್ತಿರದ ಒಂದು ಕಣ್ಣಾಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ ಬಂದವರಿಂದ ಡಾಕ್ಟರು ಕೆರೆದು ಕೊಟ್ಟದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಬ್ಯಾಕ್ಟೀರಿಯಾವೋ ಫಂಗಸ್ಸೋ ಎಂದು ಹೇಳಬೇಕು. ಹದಿಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬರುವವರು ಹೇಳುವುದೂ ಹೆಚ್ಚುಕಡಿಮೆ ಒಂದೇ. ಭತ್ತ ಬಡಿಯುವಾಗ ಹೊಟ್ಟು ಬಿತ್ತು, ತೆಂಗಿನ ಗರಿ ತಾಗಿತು. ಎದೆಹಾಲು ಬಿಡಿಸಿಕೊಂಡೆ, ಹರಳೆಣ್ಣೆ ಹಾಕಿದೆ, ಆಮೇಲೆ ಯಾರೋ ಒಂದು ಡ್ರಾಪ್ಸ್ ಕೊಟ್ಟರು. ಆ ಡ್ರಾಪ್ಸಿನ ಬಾಟಲಿ ತೋರಿಸಿ ಎಂದು ನಾನು ತಪ್ಪದೆ ಕೇಳುತ್ತಿದ್ದೆ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ನೋವೂ ಇಳಿಯುತ್ತದೆ, ಒಳಗೆ ಫಂಗಸ್ಸು ಮಾತ್ರ ಬೆಳೆಯುತ್ತಾ ಹೋಗುತ್ತದೆ. ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ನನ್ನ ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಕಡೆಗೆ. ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಲ್ಯಾಬ್ ಕೋರ್ಸಿಗೇ ಸೇರಿಸಬೇಕೆಂದು ಮನೆಯಲ್ಲಿ ಹಠ ಹಿಡಿದವಳು ಅವಳು. ಎರಡು ಸೀಮೆಹಸು ಕಟ್ಟಿಕೊಂಡಿದ್ದಾಳೆ, ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾಳೆ.

ಕಬ್ಬು ಕಡಿಯುವ ಕಾಲದಲ್ಲಿ ಒಂದು ಬೆಳಿಗ್ಗೆ ಅವಳ ಫೋನು ಬಂತು. ನಾನು ಸ್ಲೈಡುಗಳಿಗೆ ಬಣ್ಣ ಹಾಕುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

"ಅಸುಗೆ ಕಬ್ಬಿನ ಸೋಗೆ ಒರೆ ತತ್ತಿದ್ದೆ ಕಣ್ಲಾ. ಎಡಗಣ್ಗೆ ಒಡ್ದುಬುಡ್ತು. ಕೆಂಪಗಾಗದೆ, ನೀರು ಸುರೀತದೆ."

"ಯಾವಾಗ?"

"ಮೊನ್ನೆ. ಬಂದ್ಬುಡ್ಲಾ ಅಲ್ಗೆ? ಆಲು ಕರೆಯೋರಿಲ್ಲ."

ಬಾ ಎನ್ನಬೇಕಿತ್ತು. ಬಣ್ಣ ತೊಳೆಯುವ ಹೊತ್ತು ಮೀರುತ್ತಿತ್ತು. "ನಿಮ್ಮತ್ತೆಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ರಲ್ಲ ಡ್ರಾಪ್ಸು, ಇದ್ರೆ ಅದನ್ನ ಎರಡು ದಿನ ಬುಟ್ಕ. ಕಮ್ಮಿ ಆಗದಿದ್ರೆ ಬಾ" ಎಂದೆ. ಯಾವ ಡ್ರಾಪ್ಸು ಎಂದು ಕೇಳಲಿಲ್ಲ. ಪೊರೆ ಆಪರೇಷನ್ ಆದವರಿಗೆ ಏನು ಕೊಡುತ್ತಾರೆ ಎಂದು ಕೇಳಿ ತಿಳಿಯಬೇಕಾದವನೇನೂ ನಾನಲ್ಲ.

ಎರಡು ದಿನದ ಮೇಲೆ ಅವಳೇ ಫೋನ್ ಮಾಡಿ, "ಕೆಂಪು ಇಳೀತು ಕಣ್ಲಾ" ಎಂದಳು. ಒಳ್ಳೇದು ಎಂದೆ. ಹನ್ನೆರಡನೇ ದಿನ ಭಾವ ಅವಳನ್ನು ಪಾಂಡವಪುರದ ಮೇಲೆ ಬಸ್ಸಿನಲ್ಲಿ ಕರೆದುಕೊಂಡು ಬಂದರು. ಸೆರಗಿನಲ್ಲಿ ಕಣ್ಣು ಒತ್ತಿಕೊಂಡಿದ್ದಳು. ಸೆರಗು ತೆಗೆದಾಗ ಕರಿಗುಡ್ಡೆಯ ನಡುವೆ ಬೂದುಬಣ್ಣದ ಹುಣ್ಣು, ಅಂಚು ಹಕ್ಕಿಯ ಪುಕ್ಕದ ಹಾಗೆ ಹರಡಿತ್ತು. ಕೆಳಗೆ ಕೀವು ಗೆರೆ ಎಳೆದ ಹಾಗೆ ನಿಂತಿತ್ತು. ಅಕ್ಕ ಚೀಲದಿಂದ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು. ಅಲ್ಲಾಡಿಸಿ ಹಾಕುವ ಬಿಳಿ ಔಷಧಿ. ಹೆಸರು ಓದಿ ಜೇಬಿಗೆ ಹಾಕಿಕೊಂಡೆ.

ಡಾಕ್ಟರಮ್ಮ ದೀಪದ ಯಂತ್ರದ ಮುಂದೆ ಕೂರಿಸಿ ನೋಡಿದರು. ಮರಗಟ್ಟುವ ಹನಿ ಹಾಕಿ, ಸಣ್ಣ ಬ್ಲೇಡಿನಿಂದ ಹುಣ್ಣಿನ ಅಂಚನ್ನು ಕೆರೆದರು. ನಾನು ಪಕ್ಕದಲ್ಲಿ ಸ್ಲೈಡು ಹಿಡಿದು ನಿಂತಿದ್ದೆ.

"ನೋಯ್ತಾ ಅಕ್ಕ?"

"ಏನೂ ಗೊತ್ತಾಗ್ತಿಲ್ಲ. ಕಣ್ಣು ಐತೋ ಇಲ್ವೋ ಅಂಗಾಗದೆ."

ಸ್ಲೈಡಿಗೆ ಪೊಟ್ಯಾಷ್ ದ್ರಾವಣದ ಒಂದು ತೊಟ್ಟು ಬಿಟ್ಟು, ಮೇಲೆ ಗಾಜಿನ ಚೂರು ಮುಚ್ಚಿ, ಕಾದು ನೋಡಿದೆ. ಮೊದಲ ನೋಟಕ್ಕೇ ಸಿಕ್ಕಿತು. ಕವಲೊಡೆದ ಎಳೆಗಳು, ಎಳೆಯೊಳಗೆ ಅಡ್ಡಗೋಡೆಗಳು, ಸ್ಲೈಡಿನ ತುಂಬಾ. ಬೇರೆಯವರ ಸ್ಲೈಡಿನಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿದ್ದರೆ ಹೊಸಬರನ್ನು ಕರೆದು ತೋರಿಸುತ್ತಿದ್ದೆ. ಫಂಗಸ್ ಇದೆ ಎಂದು ರಿಪೋರ್ಟಿನಲ್ಲಿ ಬರೆದೆ. ಮೊದಲು ಹಾಕಿದ ಔಷಧಿ ಎಂಬಲ್ಲಿ ಸ್ಟೆರಾಯ್ಡ್ ಎಂದು ಬರೆದೆ. ಯಾರು ಹೇಳಿದ್ದು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಮುಂದಿನ ಸ್ಲೈಡು ತೆಗೆದುಕೊಂಡೆ.

ಅಕ್ಕನನ್ನು ವಾರ್ಡಿಗೆ ಸೇರಿಸಿಕೊಂಡರು. ಫಂಗಸ್ಸಿಗೆ ಕೊಡುವ ಹನಿಯನ್ನು ಗಂಟೆಗೊಮ್ಮೆ ಹಾಕಬೇಕಿತ್ತು. ಅದೂ ಹಾಲಿನ ಹಾಗೇ ಬಿಳಿ. ಅಕ್ಕ ಮುಖ ತಿರುಗಿಸಿದಳು.

"ಇದೂ ಅಂಗೇ ಬೆಳ್ಳಗದಲ್ಲಾ?"

"ಇದು ಬೇರೆ ಅಕ್ಕ."

"ನೀನು ಏಳ್ದ್ರೆ ಸರಿ" ಎಂದು ಕಣ್ಣು ಬಿಟ್ಟಳು.

ಪಕ್ಕದ ಮಂಚದಲ್ಲಿ ಹೊಣಕೆರೆ ಕಡೆಯ ಒಬ್ಬ ಮುದುಕರಿದ್ದರು. ಅವರಿಗೆ ತೆಂಗಿನ ಗರಿ ಬಡಿದಿತ್ತು. ಮಾರನೇ ದಿನವೇ ಮೊಮ್ಮಗಳು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಅವರ ಸ್ಲೈಡಿನಲ್ಲೂ ಅದೇ ಎಳೆಗಳು, ಆದರೆ ಹುಡುಕಬೇಕಾಗಿತ್ತು. ಅವರ ಹುಣ್ಣು ದಿನದಿನಕ್ಕೂ ಒಣಗುತ್ತಾ ಬಂತು. ಅಕ್ಕನದು ಒಣಗಲಿಲ್ಲ. ಅವಳ ಕಣ್ಣಿನಿಂದ ಕೆರೆದದ್ದನ್ನು ಬೆಳೆಯಲು ಇಟ್ಟಿದ್ದ ಕಲ್ಚರ್ ಪ್ಲೇಟಿನಲ್ಲಿ ಮೂರನೇ ದಿನ ಗೆರೆಯುದ್ದಕ್ಕೂ ಬಿಳಿ ಹತ್ತಿ ಅರಳಿದ ಹಾಗೆ ಬೆಳೆದಿತ್ತು.

ಐದನೇ ದಿನ ಭಾವ ಕಾಫಿಗೆ ಹೋಗಿದ್ದಾಗ ಅವಳ ಮಂಚದ ಮೇಲೆ ಕೂತೆ.

"ಅಕ್ಕ, ನಾನು ಏಳಿದ್ನಲ್ಲ, ಆ ಡ್ರಾಪ್ಸಿಂದಾನೇ ಇದು ಇಷ್ಟು ಜಾಸ್ತಿ ಆಗಿದ್ದು."

"ಓಗ್ಲಿ ಬುಡು. ನಿಂಗೂ ಗೊತ್ತಿರ್ನಿಲ್ಲ."

"ಗೊತ್ತಿತ್ತು. ದಿನಾ ಇಲ್ಲಿ ಎಲ್ಲಾರ್ಗೂ ಅದನ್ನ ಆಕ್ಬ್ಯಾಡಿ ಅಂತೀನಿ. ನೀನು ಫೋನ್ ಮಾಡ್ದಾಗ ಕೆಲ್ಸದಲ್ಲಿದ್ದೆ. ಯೋಚ್ನೆ ಮಾಡ್ಲಿಲ್ಲ."

ಅವಳು ಬಲಗಣ್ಣಿನಿಂದ ನನ್ನನ್ನು ನೋಡಿದಳು. ಬಯ್ಯಲಿ ಎಂದು ನಾನು ಕಾಯುತ್ತಿದ್ದೆ. ಬಾಗಿಲಲ್ಲಿ ಭಾವನ ಚಪ್ಪಲಿ ಸದ್ದಾದಾಗ ತಗ್ಗಿದ ದನಿಯಲ್ಲಿ, "ನಿಮ್ ಭಾವಂಗೆ ಏಳ್ಬ್ಯಾಡ" ಎಂದಳು. ಭಾವ ಫ್ಲಾಸ್ಕಿನಿಂದ ನನಗೂ ಅರ್ಧ ಲೋಟ ಕಾಫಿ ಬಗ್ಗಿಸಿ, "ನೀನಿರೋ ಹೊತ್ಗೆ ನಮ್ಗೆ ಧೈರ್ಯ ಕಣಪ್ಪ" ಎಂದರು. ಕುಡಿದೆ. ಬಿಸಿಯಿತ್ತು ಎಂಬುದಷ್ಟೇ ನೆನಪಿದೆ.

ಹುಣ್ಣು ತೂತಾಗುವ ಹಾಗಾಗಿ ಮೈಸೂರಿಗೆ ಕಳಿಸಿದರು. ಅಲ್ಲಿ ಸತ್ತವರೊಬ್ಬರು ದಾನ ಕೊಟ್ಟ ಕಣ್ಣಿನ ಪದರವನ್ನು ಹೊಲಿದರು. ಕಣ್ಣು ಉಳಿಯಿತು. ನೋಟ ಉಳಿಯಲಿಲ್ಲ. ಮುಂದೆ ಕೈಯಾಡಿಸಿದರೆ ನೆರಳು ಕಾಣುತ್ತದೆ, ಅಷ್ಟೇ. ಎರಡು ತಿಂಗಳಿಗೆ ಅಕ್ಕ ಮತ್ತೆ ಹಾಲು ಕರೆಯಲು ಕೂತಳು.

ಭಾವನಿಗೆ ನಾನು ಈವರೆಗೆ ಹೇಳಿಲ್ಲ. ಡಾಕ್ಟರಮ್ಮನಿಗೆ ಒಂದು ಮಧ್ಯಾಹ್ನ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಇನ್ನು ಫೋನಲ್ಲಿ ಯಾರಿಗೂ ಔಷಧಿ ಹೇಳಬೇಡಿ" ಎಂದರು. ಹೇಳುವುದಿಲ್ಲ. ನೆಂಟರು ಯಾರು ಕೇಳಿದರೂ ಬಸ್ ಹತ್ತಿ ಬನ್ನಿ ಎನ್ನುತ್ತೇನೆ. ದೊಡ್ಡ ಮನುಷ್ಯ ಆಗಿಬಿಟ್ಟ ಎಂದು ಒಬ್ಬಿಬ್ಬರು ಬೇಜಾರು ಮಾಡಿಕೊಂಡಿದ್ದಾರೆ.

ಹೋದ ತಿಂಗಳು ಸಿಂಧಘಟ್ಟಕ್ಕೆ ಹೋಗಿದ್ದೆ. ಅಕ್ಕ ಕಾಫಿ ತಂದು ನನ್ನ ಲೋಟಕ್ಕೆ ಬಗ್ಗಿಸಿದಳು. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ಗೊತ್ತಾಗುವುದಿಲ್ಲ. ಕಾಫಿ ಲೋಟದ ಪಕ್ಕಕ್ಕೆ ಬಿದ್ದು ನೆಲದ ಮೇಲೆ ಹರಿಯಿತು. ಅವಳು ತಕ್ಷಣ ಬೆರಳಿನಿಂದ ಲೋಟದ ಅಂಚು ಮುಟ್ಟಿ ಹಿಡಿದು ಉಳಿದದ್ದನ್ನು ಬಗ್ಗಿಸಿದಳು. ಆಮೇಲೆ ಬಟ್ಟೆ ತಂದು ನೆಲ ಒರೆಸಿ, "ಸಕ್ರೆ ಸಾಕೇನ್ಲಾ?" ಎಂದಳು.

ಸಾಕು ಎಂದೆ.