ನೀರಿಗೆ ಹೆದರುವ ಉಪೇಂದ್ರರಾಯರು

ಬೆಳಗಿನ ಐದು ಗಂಟೆ. ಚೆನ್ನೈನ ಅಣ್ಣಾ ನಗರದ ಡಯಾಲಿಸಿಸ್ ಕೇಂದ್ರವೊಂದರ ತಾರಸಿಯ ಮೇಲಿರುವ ಶೀಟಿನ ಕೋಣೆಯಲ್ಲಿ ಉಪೇಂದ್ರರಾಯರು ಪುಟ್ಟದೊಂದು ಗಾಜಿನ ಸೀಸೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡುತ್ತಿದ್ದಾರೆ. ಸೀಸೆಯಲ್ಲಿರುವುದು ಬರೀ ನೀರು. ನಿನ್ನೆ ಮೆಟ್ರೋ ನೀರು, ಅಂದರೆ ಊರಿನ ಕೊಳಾಯಿ ನೀರು, ಕೈಕೊಟ್ಟಿದ್ದರಿಂದ ಲಾರಿ ನೀರು ತರಿಸಿದ್ದಾರೆ. ಲಾರಿಯವನು ಯಾವ ಬಾವಿಯಲ್ಲಿ ತುಂಬಿಸಿಕೊಂಡ ಎನ್ನುವುದು ಅವನಿಗೂ ದೇವರಿಗೂ ಮಾತ್ರ ಗೊತ್ತು. ಆ ನೀರು ಮರಳಿನ ತೊಟ್ಟಿ, ಇದ್ದಿಲಿನ ತೊಟ್ಟಿ, ಗಡಸುತನ ತೆಗೆಯುವ ಟ್ಯಾಂಕು, ಕೊನೆಗೆ ಆರ್‌ಓ ದಾಟಿ ಕಡೆಯ ನಲ್ಲಿಗೆ ಬಂದು ನಿಂತಿದೆ. ಇಲ್ಲಿಂದ ಮುಂದೆ ಅದು ಕೆಳಮಹಡಿಯ ಯಂತ್ರಗಳಿಗೆ ಹೋಗುತ್ತದೆ.

ನಾವು ನೀವು ದಿನಕ್ಕೆ ಎರಡು ಮೂರು ಲೀಟರ್ ನೀರು ಕುಡಿಯುತ್ತೇವೆ. ಅದರಲ್ಲಿ ಬೇಡದ್ದೇನಾದರೂ ಇದ್ದರೆ ಮೂತ್ರಪಿಂಡ ನೋಡಿಕೊಳ್ಳುತ್ತದೆ. ಮೂತ್ರಪಿಂಡವೇ ಮುಷ್ಕರ ಹೂಡಿದವರಿಗೆ ಆ ಭಾಗ್ಯವಿಲ್ಲ. ಡಯಾಲಿಸಿಸ್‌ಗೆ ಕೂತ ನಾಲ್ಕು ಗಂಟೆಯಲ್ಲಿ ನೂರು ಲೀಟರಿಗೂ ಹೆಚ್ಚು ನೀರು ಅವರ ರಕ್ತದ ಪಕ್ಕದಲ್ಲಿ ಹರಿದುಹೋಗುತ್ತದೆ, ನಡುವೆ ಇರುವುದು ಕೂದಲಿಗಿಂತ ತೆಳ್ಳಗಿನ ಒಂದು ಪೊರೆ. ನೀರಿನಲ್ಲಿ ಸುಣ್ಣದ ಅಂಶ ಉಳಿದಿದ್ದರೆ ಅದು ನೆಟ್ಟಗೆ ರಕ್ತಕ್ಕೆ ನುಗ್ಗುತ್ತದೆ. ಮೊದಲು ತಲೆನೋವು, ವಾಂತಿ. ಆಮೇಲೆ ರಕ್ತದ ಒತ್ತಡ ಸಿಕ್ಕಾಪಟ್ಟೆ ಏರುತ್ತದೆ. ಅದರಾಚೆಗಿನದನ್ನು ರಾಯರು ಬಾಯಿಬಿಟ್ಟು ಹೇಳುವುದಿಲ್ಲ.

"ಜನ ಹಾವಿಗೆ ಹೆದರ್ತಾರೆ, ಕತ್ತಲಿಗೆ ಹೆದರ್ತಾರೆ. ನನಗೆ ನೀರಂದ್ರೇ ಬಯ ಸಾರ್," ಎನ್ನುತ್ತಾರೆ. ನಗುತ್ತಾ ಹೇಳುವ ಮಾತಲ್ಲ ಇದು. ಸೀಸೆ ಹಿಡಿದ ಬೆರಳುಗಳು ಬಿಗಿದುಕೊಂಡಿವೆ.

ಪರೀಕ್ಷೆ ನೋಡಲು ಮಕ್ಕಳಾಟದಂತಿದೆ. ನೀರಿಗೆ ಮೊದಲು ಅಮೋನಿಯಾದ ಬಫರ್ ದ್ರಾವಣದ ಒಂದೆರಡು ಹನಿ. ಆಮೇಲೆ ಸೂಚಕದ ಕಪ್ಪು ಪುಡಿ ಚಿಟಿಕೆಯಷ್ಟು. ನೀರು ಗಡಸಾಗಿದ್ದರೆ ದ್ರಾಕ್ಷಿ ಹಣ್ಣಿನ ರಸದಂತೆ ಕೆಂಪಾಗುತ್ತದೆ. ಆಗ ಮೂರನೆಯ ಬಾಟಲಿಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ, ಎಷ್ಟು ಹನಿಗೆ ಕೆಂಪು ಹೋಗಿ ನೀಲಿ ಬಂತು ಎಂದು ನೋಡಿ ಗಡಸುತನ ಅಳೆಯಬೇಕು. ಕಾಲೇಜಿನಲ್ಲಿ ಟೈಟ್ರೇಷನ್ ಎಂದು ಮಾಡಿಸುತ್ತಿದ್ದರಲ್ಲ, ಅದೇ. ಗಡಸುತನ ಇಲ್ಲದಿದ್ದರೆ ಸೂಚಕ ಬಿದ್ದ ಕೂಡಲೇ ನೀಲಿ. ಇವತ್ತು ಪುಡಿ ಬಿದ್ದದ್ದೇ ನೀರು ತಿಳಿನೀಲಿಯಾಗುತ್ತದೆ. ರಾಯರು ಇಂಟರ್‌ಕಾಮ್ ಎತ್ತಿ ಶುರುಮಾಡಬಹುದು ಎಂದು ಕೆಳಗಿನವರಿಗೆ ತಿಳಿಸುತ್ತಾರೆ.

ಆದರೆ ಇವತ್ತು ಅವರು ಒಂದು ಕ್ರಮ ತಪ್ಪಿದ್ದಾರೆ. ದಿನಾ ಮನೆಯಿಂದ ಒಂದು ಬಾಟಲಿ ಬೋರ್ ನೀರು ತರುವುದು ಅವರ ಪದ್ಧತಿ. ಅವರ ಮನೆ ಇರುವುದು ತಿರುವಲ್ಲಿಕೇಣಿಯಲ್ಲಿ, ಕಡಲಿನ ಮಗ್ಗುಲಲ್ಲೇ. ಅಲ್ಲಿಯ ಬೋರ್ ನೀರಿನಲ್ಲಿ ಸೋಪು ತಿಕ್ಕಿ ತಿಕ್ಕಿ ಕೈ ಸೋಲಬೇಕೇ ಹೊರತು ನೊರೆ ಬರುವುದಿಲ್ಲ. ಇಂಥ ಅಪ್ಪಟ ಗಡಸು ನೀರನ್ನು ಮೊದಲು ಪರೀಕ್ಷಿಸುತ್ತಾರೆ. ಅದು ಕೆಂಪಾಗಲೇಬೇಕು. ಕೆಂಪಾದರೆ ಬಫರ್ ಮತ್ತು ಸೂಚಕ ಎರಡೂ ಸರಿಯಾಗಿವೆ ಎಂದು ಅರ್ಥ, ಆಮೇಲೆ ಕಡೆಯ ನಲ್ಲಿಯ ನೀರಿನ ಸರದಿ. ಇವತ್ತು ಮೊದಲ ಪಾಳಿಯ ಜಯಲಕ್ಷ್ಮಮ್ಮ ಏದುಸಿರು ಬಿಡುತ್ತಾ ಬಂದಿದ್ದಾರೆ. ಮಂಡ್ಯದಲ್ಲಿ ನೆಂಟರ ಮದುವೆಗೆ ಹೋಗಿ ಡಯಾಲಿಸಿಸ್‌ನ ಒಂದು ಸರದಿ ತಪ್ಪಿಸಿಕೊಂಡು ಮೈಯೆಲ್ಲ ನೀರು ತುಂಬಿದೆ. ನರ್ಸ್ ದೀಕ್ಷಿತಾ ಎರಡು ಸಲ ಫೋನ್ ಮಾಡಿ ಅವಸರಿಸಿದ್ದಾಳೆ. ರಾಯರು ನಲ್ಲಿಯ ನೀರನ್ನೇ ಮೊದಲು ನೋಡಿಬಿಟ್ಟರು.

ಯಂತ್ರ ಶುರುವಾಗುವಷ್ಟರಲ್ಲಿ ಅವರು ಮುಂದಿನ ಪಾಳಿಗೆ ಬೇಕಾದ ಬೈಕಾರ್ಬೊನೇಟ್ ಪುಡಿ ಕಲಸಲು ಕೂರುತ್ತಾರೆ. ಪ್ರತಿ ಯಂತ್ರಕ್ಕೂ ಎರಡು ಕ್ಯಾನು. ಒಂದರಲ್ಲಿ ಉಪ್ಪುಗಳ ಜೊತೆ ಸ್ವಲ್ಪ ಅಸಿಟಿಕ್ ಆಮ್ಲ, ಉಪ್ಪಿನಕಾಯಿಗೆ ಹಾಕುವ ವಿನೆಗರ್‌ನಲ್ಲಿರುವ ಅದೇ ದುರ್ಬಲ ಆಮ್ಲ. ಇನ್ನೊಂದರಲ್ಲಿ ಬೈಕಾರ್ಬೊನೇಟ್. ಎರಡೂ ಯಂತ್ರದೊಳಗೆ ನೀರಿನ ಜೊತೆ ಸೇರಿ ರಕ್ತಕ್ಕೆ ಒಗ್ಗುವ ಬಫರ್ ಆಗುತ್ತವೆ. ಮೂತ್ರಪಿಂಡ ಕೆಟ್ಟವರ ರಕ್ತ ಒಂದು ಸರದಿಯಿಂದ ಇನ್ನೊಂದು ಸರದಿಯ ಹೊತ್ತಿಗೆ ಹುಳಿಯಾಗುತ್ತಾ ಹೋಗುತ್ತದೆ, ಆ ಹುಳಿಯನ್ನು ಇಳಿಸುವುದು ಈ ಬೈಕಾರ್ಬೊನೇಟೇ. "ನಮ್ಮ ರಕ್ತಾನೂ ಬಫರೇ," ಎಂದು ಪುಡಿ ತಿರುವುತ್ತಲೇ ವಿವರಿಸುತ್ತಾರೆ ರಾಯರು. "ಹುಳಿ ಬಿದ್ದಷ್ಟೂ ತಾಳಿಂಡು ಇರ್ತದೆ, ಏನೂ ಆಗಿಲ್ಲ ಅನ್ನೋ ಹಾಗೆ. ಆನಾ ಅದಕ್ಕೂ ಒಂದು ಅಳವು ಉಂಟು. ಅದು ದಾಟಿದ್ರೆ ಒಂದೇ ಸಲಕ್ಕೆ ಕೈಬಿಟ್ಟುಬಿಡ್ತದೆ. ಮುಂಚೆ ಸೊಲ್ಲೋದಿಲ್ಲ."

ರಾಯರ ಮನೆತನ ಮದರಾಸಿಗೆ ಬಂದು ನಾಲ್ಕನೆಯ ತಲೆಮಾರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಹಾಗಾಗಿ ಅವರ ಬಾಯಲ್ಲಿ 'ಆದರೆ' ಎನ್ನುವುದು 'ಆನಾ' ಆಗುತ್ತದೆ, 'ಹೇಳು' ಎನ್ನುವುದು 'ಸೊಲ್ಲು'. ಮಗಳು ಸುಮೇಧಾಳಿಗೆ ಎರಡೂ ಬರುತ್ತವೆ, ಜಗಳಕ್ಕೆ ಮಾತ್ರ ಇಂಗ್ಲಿಷ್. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿದ ರಾಯರು ಮಣಲಿಯ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಬ್ಯುರೆಟ್ ಮುಂದೆ ನಿಂತವರು. ಆಮ್ಲಕ್ಕೆ ಕ್ಷಾರ ಬಿಡುತ್ತಾ ಬಿಡುತ್ತಾ ಫಿನಾಫ್ತಲೀನ್ ಯಾವ ಹನಿಗೆ ತೆಳು ಗುಲಾಬಿಯಾಗುತ್ತದೆ ಎಂದು ರೆಪ್ಪೆ ಬಡಿಯದೆ ಕಾಯುವ ಕೆಲಸ. ಗೊತ್ತಿರುವುದನ್ನು ಮೊದಲು ನೋಡು, ಗೊತ್ತಿಲ್ಲದ್ದನ್ನು ಆಮೇಲೆ ನೋಡು ಎಂದು ಕಲಿಸಿದ್ದು ಅಲ್ಲಿಯ ಹಿರಿಯ ರಾಮದಾಸ. ಕಾರ್ಖಾನೆ ಮುಚ್ಚಿತು, ರಾಯರು ಇಲ್ಲಿಗೆ ಬಂದರು. ಅಲ್ಲಿ ತಪ್ಪಾದರೆ ಒಂದು ಡ್ರಮ್ ವಾಪಸ್ ಬರುತ್ತಿತ್ತು, ಬೈಸಿಕೊಂಡರೆ ಮುಗಿಯುತ್ತಿತ್ತು. ಇಲ್ಲಿ ಹನ್ನೆರಡು ಕುರ್ಚಿ, ದಿನಕ್ಕೆ ಮೂರು ಪಾಳಿ. ಪ್ರತಿ ಕುರ್ಚಿಯಲ್ಲೂ ಮನೆಗೆ ಹೋಗಿ ಊಟ ಮಾಡಬೇಕಾದ ಒಬ್ಬ ಮನುಷ್ಯ.

ಪುಡಿ ಕರಗುತ್ತದೆ. ರಾಯರು ಮನೆಯ ಬೋರ್ ನೀರಿನ ಬಾಟಲಿ ತೆಗೆಯುತ್ತಾರೆ. ಹೊತ್ತು ಮೀರಿದ್ದರೂ ಪದ್ಧತಿ ಪದ್ಧತಿಯೇ. ಬಫರ್ ಹನಿಸುತ್ತಾರೆ, ಸೂಚಕ ಹಾಕುತ್ತಾರೆ, ಅಲ್ಲಾಡಿಸುತ್ತಾರೆ.

ನೀರು ನೀಲಿಯಾಗುತ್ತದೆ.

ರಾಯರು ಸೀಸೆ ತೊಳೆದು ಇನ್ನೊಮ್ಮೆ ಮಾಡುತ್ತಾರೆ. ಮತ್ತೆ ನೀಲಿ. ಸೋಪು ನೊರೆಯಾಗದ ತಿರುವಲ್ಲಿಕೇಣಿಯ ನೀರು ತಾನು ಮೆದುವೆಂದು ಸುಳ್ಳು ಹೇಳುತ್ತಿದೆ. ಬಫರ್ ಸತ್ತಿದೆ. ಅಮೋನಿಯಾ ಹಾರಿಹೋದ ಬಫರ್‌ಗೆ ನೀರನ್ನು ಬೇಕಾದಷ್ಟು ಕ್ಷಾರೀಯವಾಗಿಸುವ ಶಕ್ತಿಯಿಲ್ಲ. ಅದಿಲ್ಲದೆ ಸೂಚಕ ಸುಣ್ಣವನ್ನು ಹಿಡಿಯುವುದಿಲ್ಲ, ಎಂಥ ನೀರಿಗೂ ನೀಲಿಯೇ ತೋರಿಸುತ್ತದೆ. ಅಂದರೆ ಆಗ ನಲ್ಲಿಯ ನೀರಿನಲ್ಲಿ ಕಂಡ ನೀಲಿಗೂ ಅರ್ಥವಿಲ್ಲ. ಲಾರಿ ನೀರು ಹೇಗಿದೆಯೋ ಯಾರಿಗೂ ಗೊತ್ತಿಲ್ಲ, ಅದು ಜಯಲಕ್ಷ್ಮಮ್ಮನ ರಕ್ತದ ಪಕ್ಕದಲ್ಲಿ ಆಗಲೇ ಹರಿಯುತ್ತಿದೆ. ಐವತ್ತು ದಾಟಿದ, ಮಂಡಿನೋವಿನ ರಾಯರು ಮೆಟ್ಟಿಲುಗಳನ್ನು ಹಾರಿಕೊಂಡು ಇಳಿಯುತ್ತಾರೆ.

"ದೀಕ್ಷಿತಾ, ಬೈಪಾಸ್ ಒತ್ತು. ಎಲ್ಲಾ ಮೆಷಿನೂ."

ಬೈಪಾಸ್ ಒತ್ತಿದರೆ ಯಂತ್ರದ ದ್ರಾವಣ ರಕ್ತದ ಹತ್ತಿರ ಸುಳಿಯದೆ ನೇರ ಚರಂಡಿಗೆ ಹೋಗುತ್ತದೆ. ದೀಕ್ಷಿತಾ ಏನು ಎತ್ತ ಎಂದು ಕೇಳದೆ ಒಂದೊಂದೇ ಯಂತ್ರದ ಗುಂಡಿ ಒತ್ತುತ್ತಾ ಹೋಗುತ್ತಾಳೆ. ಅಲಾರಮ್ಮುಗಳು ಕೂಗಿಕೊಳ್ಳುತ್ತವೆ. ಜಯಲಕ್ಷ್ಮಮ್ಮ ಕಣ್ಣು ಮುಚ್ಚಿ ಮಲಗಿದ್ದಾರೆ, ಹಣೆಯಲ್ಲಿ ಬೆವರು. ಅದು ಏದುಸಿರಿನ ಬೆವರೋ ನೀರಿನದೋ ಹೇಳುವುದು ಹೇಗೆ? ವಾಂತಿ ಬರುವ ಹಾಗಿದೆಯೇ ಎಂದು ದೀಕ್ಷಿತಾ ಕೇಳುತ್ತಾಳೆ. ಇಲ್ಲವೆಂದು ಅವರು ತಲೆಯಾಡಿಸುತ್ತಾರೆ. ಪಕ್ಕದಲ್ಲಿದ್ದ ಮಗ ರಾಘವೇಂದ್ರ ಎದ್ದು ನಿಂತಿದ್ದಾನೆ.

ಸ್ಟೋರಿನಿಂದ ಸೀಲು ಒಡೆಯದ ಬಫರ್ ಬಾಟಲಿ ತೆಗೆದುಕೊಂಡು ರಾಯರೂ ದೀಕ್ಷಿತಾಳೂ ತಾರಸಿಗೆ ಹತ್ತುತ್ತಾರೆ. ಈ ಸಲ ಬೋರ್ ನೀರು ಮೊದಲು. ಕೆಂಪಾಗುತ್ತದೆ, ದಟ್ಟ ಕೆಂಪು. ಇನ್ನು ಕಡೆಯ ನಲ್ಲಿಯ ನೀರು. ರಾಯರು ಹಾಕಿದ ಸೂಚಕದ ಪುಡಿ ಅರ್ಧ ಹೊರಗೆ ಚೆಲ್ಲುತ್ತದೆ. ಅವರು ಸೀಸೆಯನ್ನು ದೀಕ್ಷಿತಾಳ ಕೈಗಿಟ್ಟು ಮುಖ ತಿರುಗಿಸಿಕೊಳ್ಳುತ್ತಾರೆ.

"ನೀಲಂ ಸಾರ್," ಎನ್ನುತ್ತಾಳೆ ಅವಳು. ಕನ್ನಡದ ಮನೆಯ ಹುಡುಗಿಯೇ ಆದರೂ ಅವಳಿಗೆ ಉತ್ತರ ಬರುವುದು ತಮಿಳಿನಲ್ಲೇ. ರಾಯರು ತಾವೂ ನೋಡುತ್ತಾರೆ. ನೀಲಿ. ಈ ಬಾರಿ ನಂಬಬಹುದಾದ ನೀಲಿ. ನೀರು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು.

ಯಂತ್ರಗಳು ಮತ್ತೆ ಶುರುವಾಗುತ್ತವೆ. ಆದರೆ ಹೆದರಿಕೊಂಡಿದ್ದ ಮಗನಿಗೆ ಈಗ ಸಿಟ್ಟು ಏರಿದೆ, ಅದು ಸಹಜವೇ. "ನೀರು ಚೆನ್ನಾಗೇ ಇತ್ತಲ್ಲ ಸಾರ್, ಮತ್ಯಾಕೆ ನಮ್ಮಮ್ಮನ್ನ ಹಿಂಗೆ ಹೆದರ್ಸಿದ್ರಿ?" ಎಂದು ರೇಗುತ್ತಾನೆ.

"ನೀರು ಚೆನ್ನಾಗೇ ಇತ್ತು. ಆನಾ ಚೆನ್ನಾಗಿದೆ ಅಂತ ನನಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ ರಾಯರು. "ಗೊತ್ತಿಲ್ದೇ ಬಿಟ್ಟಿದ್ದೆ."

ಎಂಟು ಗಂಟೆಗೆ ಡಾಕ್ಟರ್ ಬರುತ್ತಾರೆ. ಹಳೆಯ ಬಾಟಲಿಯ ಮುಚ್ಚಳ ಬಿರುಕು ಬಿಟ್ಟಿದೆ, ಚೆನ್ನೈ ಸೆಕೆಗೆ ಅಮೋನಿಯಾ ದಿನಗಟ್ಟಲೆ ಸೋರಿಹೋಗಿದೆ. ತಪ್ಪನ್ನೆಲ್ಲ ಮುಚ್ಚಳದ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಡಾಕ್ಟರ್ ಒಂದೇ ಪ್ರಶ್ನೆ ಕೇಳುತ್ತಾರೆ. ಅಮೋನಿಯಾ ಅಂದರೆ ಮೂಗಿಗೆ ಬಡಿಯುವ ಘಾಟು, ಅಷ್ಟು ಸಣ್ಣ ಕೋಣೆಯಲ್ಲಿ ಅದು ಸೋರುತ್ತಿದ್ದರೆ ಗೊತ್ತಾಗಲಿಲ್ಲವೇ? ಆಗ ದೀಕ್ಷಿತಾ ಹಿಂಜರಿಯುತ್ತಾ ಬಾಯಿ ಬಿಡುತ್ತಾಳೆ. ಹೋದ ವಾರ ಮೇಲೆ ಹೋದಾಗ ಘಾಟು ಹೊಡೆದಿತ್ತು, ಕೇಳಿದ್ದಕ್ಕೆ ಸಾರ್ ಅದು ನೆಲ ಒರೆಸಿದ ಫಿನಾಯಿಲ್ ಎಂದಿದ್ದರು.

ರಾಯರು ನಿಜ ಹೇಳಿಬಿಡುತ್ತಾರೆ. ಕೊರೊನಾ ಬಂದು ಹೋದಾಗಿನಿಂದ ಅವರಿಗೆ ಮೂಗಿಲ್ಲ. ಒಗ್ಗರಣೆ ಸೀದರೂ ತಿಳಿಯದು, ಈರುಳ್ಳಿ ಹೆಚ್ಚಿದರೂ ಚುರುಗುಟ್ಟದು. ಮನೆಯಲ್ಲಿ ಹೆಂಡತಿ ರಮಾಬಾಯಿಗೆ ಗೊತ್ತು, ಗ್ಯಾಸ್ ಸೋರಿದರೆ ತಿಳಿಯದೆಂದು ಅವರನ್ನು ಒಲೆ ಹಚ್ಚಲೂ ಬಿಡುವುದಿಲ್ಲ. ಇಲ್ಲಿ ಯಾರಿಗೂ ಹೇಳಿರಲಿಲ್ಲ. ಬಾಟಲಿ ತೆರೆದಾಗ ಮೂಗಿಗೆ ಹಿಡಿಯುವುದು ಅವರ ಮೊದಲ ಕಾವಲಾಗಿತ್ತು, ಬೋರ್ ನೀರು ಎರಡನೆಯದು. ಮೊದಲನೆಯದು ಹೋಗಿ ವರ್ಷಗಳಾಗಿತ್ತು. ಇವತ್ತು ಎರಡನೆಯದನ್ನೂ ಅವಸರಕ್ಕೆ ಬಿಟ್ಟುಕೊಟ್ಟಿದ್ದರು. ಕೆಲಸ ಹೋದೀತೆಂಬ ಭಯಕ್ಕೆ ಫಿನಾಯಿಲ್ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದರು.

ಡಾಕ್ಟರ್ ಬೈಯಲಿಲ್ಲ, ಬೆನ್ನೂ ತಟ್ಟಲಿಲ್ಲ. ನಾಳೆಯಿಂದ ಇನ್ನೊಬ್ಬರು ಬಾಟಲಿ ಮೂಸಿ, ಬಣ್ಣ ನೋಡಿದ ಮೇಲೆಯೇ ಯಂತ್ರ ಶುರುವಾಗಬೇಕು ಎಂದರು. ರಾಯರ ವಿಷಯ ಆಡಳಿತದವರಿಗೆ ತಿಳಿಸಲೇಬೇಕು, ಅವರೇನು ಹೇಳುತ್ತಾರೋ ಹೇಳಲಾಗದು ಎಂದರು. ಆಡಳಿತದವರು ಇನ್ನೂ ಏನೂ ಹೇಳಿಲ್ಲ. ಈ ಲೇಖನದಲ್ಲಿ ಮೂಗಿನ ಸಂಗತಿ ಬಿಟ್ಟುಬಿಡೋಣವೇ ಎಂದರೆ ರಾಯರು ಒಪ್ಪುವುದಿಲ್ಲ. ಬರೆಯಲೇಬೇಕು ಎನ್ನುತ್ತಾರೆ, ಹಾಗೆಂದು ಕುಡಿಯಲು ನೀರು ಕೇಳುತ್ತಾರೆ.

ವಾರ ಕಳೆದಿದೆ. ಮೊದಲ ಪಾಳಿ. ರಾಯರು ಮೇಲೆ ಪರೀಕ್ಷೆ ಮುಗಿಸಿದ್ದಾರೆ, ದೀಕ್ಷಿತಾ ಮಾತ್ರ ಇನ್ನೂ ಬಂದು ನೋಡಿಲ್ಲ. ಅವಳನ್ನು ಕರೆಯಲು ಅವರು ಎರಡನೆಯ ಸಲ ಕೆಳಗಿಳಿದಿದ್ದಾರೆ. ಒಂದೇ ನಿಮಿಷ ಎನ್ನುತ್ತಾ ಅವಳು ಜಯಲಕ್ಷ್ಮಮ್ಮನ ಕೈಗೆ ಸೂಜಿ ಹಾಕುವ ತಯಾರಿಯಲ್ಲಿದ್ದಾಳೆ. ಜಯಲಕ್ಷ್ಮಮ್ಮನಿಗೂ ವಿಷಯವೆಲ್ಲ ತಿಳಿದಿದೆ, ರಾಯರೇ ಹೇಳಿದ್ದಾರೆ.

"ಮೂಗು ಹೋದ್ರೆ ಹೋಗ್ಲಿ ಬಿಡಪ್ಪ," ಎಂದು ಅವರು ತೋಳು ಚಾಚುತ್ತಾ ನಗುತ್ತಾರೆ. "ನೀನು ನೋಡಿದೀನಿ ಅಂದ್ರೆ ನಂಗಷ್ಟೇ ಸಾಕು. ನಿನ್ನ ನಂಬ್ಕಂಡೇ ಅಲ್ವಾ ನಾನಿಲ್ಲಿ ಮಲಗೋದು."

ರಾಯರ ಮುಖ ಬಿಳುಚಿಕೊಳ್ಳುತ್ತದೆ.

"ನಂಬಬೇಡಿ ಅಮ್ಮ," ಎನ್ನುತ್ತಾರೆ. "ನನಗಿರೋದು ಅದೊಂದೇ ಆಸೆ. ನನ್ನೊಬ್ಬನ್ನೇ ಯಾರೂ ನಂಬಬಾರದು. ಇನ್ನೊಬ್ಬರು ನೋಡಿದ್ರಾ ಅಂತ ದಿನಾ ಕೇಳಿ. ಇಲ್ಲ ಅಂದ್ರೆ ಕೈ ಚಾಚಬೇಡಿ."

ಜಯಲಕ್ಷ್ಮಮ್ಮ ಅವರ ಮುಖವನ್ನೇ ನೋಡುತ್ತಾರೆ. ಚಾಚಿದ ತೋಳನ್ನು ನಿಧಾನವಾಗಿ ಎಳೆದುಕೊಂಡು ಹೊದಿಕೆಯೊಳಗೆ ಇಟ್ಟುಕೊಳ್ಳುತ್ತಾರೆ.

"ಏನವ್ವಾ ದೀಕ್ಷಿತಾ," ಎನ್ನುತ್ತಾರೆ, "ನೀನು ನೋಡಿದ್ಯಾ?"

ದೀಕ್ಷಿತಾ ಸೂಜಿಯನ್ನು ತಟ್ಟೆಯಲ್ಲಿಟ್ಟು, ಕೈಗವಸು ಕಳಚಿ, ತಾರಸಿಯ ಮೆಟ್ಟಿಲು ಹತ್ತುತ್ತಾಳೆ.